ನಿಷ್ಪ್ರತೀಕಾರ ಎನ್ನುವ ಮುನ್ನ

ಶ್ರಾವಕನ ಆಚಾರವನ್ನು ನಿರೂಪಿಸುವ ಗ್ರಂಥಗಳಲ್ಲಿ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ಕ್ಕೆ ಅಗ್ರಸ್ಥಾನವಿದೆ. ಸಲ್ಲೇಖನೆಯು ಯಾವಾಗ ವಿಹಿತವೆಂಬುದನ್ನು ತಿಳಿಸುವಲ್ಲಿ ಆಚಾರ್ಯರು ನಾಲ್ಕು ಸಂದರ್ಭಗಳನ್ನು ಎಣಿಸಿದ್ದಾರೆ: ಉಪಸರ್ಗ, ದುರ್ಭಿಕ್ಷ, ವೃದ್ಧಾಪ್ಯ ಮತ್ತು ರೋಗ. ಈ ನಾಲ್ಕಕ್ಕೂ ಅವರು ಒಂದೇ ವಿಶೇಷಣವನ್ನು ಸೇರಿಸಿದ್ದಾರೆ. ಅದು ‘ನಿಷ್ಪ್ರತೀಕಾರ’. ಇಲ್ಲಿ ಪ್ರತೀಕಾರವೆಂದರೆ ಸೇಡಲ್ಲ, ಪರಿಹಾರೋಪಾಯ. ಉಪಾಯವಿದ್ದರೆ ಅದು ಉಪಸರ್ಗವಾದರೂ ರೋಗವಾದರೂ ಸಲ್ಲೇಖನೆಗೆ ಕಾರಣವಾಗದು. ಒಂದು ಪದದಲ್ಲಿ ಆಚಾರ್ಯರು ಇಷ್ಟು ದೊಡ್ಡ ಕಟ್ಟಳೆಯನ್ನು ಅಡಗಿಸಿದ್ದಾರೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜೈನರಿಗೆ ಇದು ಕೇವಲ ಪುಸ್ತಕದ ಪದವಲ್ಲ. ಭೋಜ ಗ್ರಾಮದ ಮನೆತನದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ದೃಷ್ಟಿ ಕುಂದಿ, ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಪಾಲಿಸುವುದು ಸಾಧ್ಯವಾಗದಾದಾಗ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿ, 36 ದಿನಗಳ ಉಪವಾಸದ ನಂತರ 1955ರ ಸೆಪ್ಟೆಂಬರ್ 18ರಂದು ಸಮಾಧಿಯನ್ನು ಹೊಂದಿದರು. 1946ರಲ್ಲಿ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರುವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಅದೇ ಮಾರ್ಗದಲ್ಲಿ ದೇಹತ್ಯಾಗ ಮಾಡಿದರು. ಇಂಥ ಮಹಾತ್ಮರನ್ನು ಕಂಡ ನೆಲದಲ್ಲಿ ಸಮಾಧಿಮರಣವೆಂಬ ಮಾತು ಮಕ್ಕಳ ಕಿವಿಗೂ ಬಿದ್ದಿರುತ್ತದೆ.

ಪರಿಚಿತವಾದ ಮಾತು ಕೆಲವೊಮ್ಮೆ ತನ್ನ ತೂಕವನ್ನು ಕಳೆದುಕೊಳ್ಳುತ್ತದೆ. ಯತಿಗಳು ಹನ್ನೆರಡು ವರ್ಷಗಳ ಸಾಧನೆಯ ತುದಿಯಲ್ಲಿ ನುಡಿಯುವ ಪದವನ್ನು ಗೃಹಸ್ಥನು ಬಾಯಿಯ ಹುಣ್ಣಿಗೆ ಹೆದರಿ ನುಡಿಯುವುದುಂಟು. ‘ಕರ್ಮೋದಯ, ಯಾರೇನು ಮಾಡಲಾದೀತು’ ಎಂದು ಕೈಚೆಲ್ಲಿ ಕುಳಿತವನನ್ನು ಸುತ್ತಲಿನವರು ವೈರಾಗ್ಯಶಾಲಿ ಎಂದು ಹೊಗಳುವುದೂ ಉಂಟು. ಅದು ವೈರಾಗ್ಯವೋ ಭಯವೋ ಎಂದು ವಿಚಾರಿಸುವವರು ವಿರಳ. ಗಂಟಲು, ಬಾಯಿ, ಕುತ್ತಿಗೆಗಳ ರೋಗಗಳಲ್ಲಿ ಈ ವಿಚಾರಣೆ ಎಷ್ಟು ಅಗತ್ಯವೆಂಬುದಕ್ಕೆ ಈ ಐದು ತಾಲ್ಲೂಕುಗಳಿಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಏಕೆಂದರೆ ಇದು ತಂಬಾಕಿನ ನೆಲ. ನಿಪ್ಪಾಣಿಯ ಸುತ್ತಲಿನ ಕಪ್ಪು ಭೂಮಿಯಲ್ಲಿ ಬೆಳೆಯುವ ಬೀಡಿ ತಂಬಾಕು ಬಿಸಿಲಿನಲ್ಲಿ ಒಣಗಿ, ವಖಾರಿಗಳಲ್ಲಿ ಪುಡಿಯಾಗಿ, ಜರಡಿಯಾಡಿ, ಚೀಲಗಳಲ್ಲಿ ತುಂಬಿ ದೇಶದ ಮೂಲೆಮೂಲೆಗೆ ಹೋಗುತ್ತದೆ. ರೈತನಿಗೆ ಅದು ನಗದು ಬೆಳೆ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಸಹಸ್ರಾರು ರೈತರು ತಂಬಾಕಿನ ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯ ಬಳಿ ಹೆದ್ದಾರಿಯಲ್ಲಿ ದಿನಗಟ್ಟಲೆ ಕುಳಿತರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳೂ ಅದೇ ಕಾಲದಲ್ಲಿ ಕೂಲಿಗಾಗಿ ಸಂಘಟಿತರಾಗಿ ಹೋರಾಡಿದರು. ಹೀಗೆ ಎಷ್ಟೋ ಮನೆಗಳ ಒಲೆ ಈ ಎಲೆಯಿಂದ ಉರಿಯುತ್ತದೆ. ಅದೇ ಎಲೆ ಸುಣ್ಣದೊಡನೆ ಕೆನ್ನೆಯಲ್ಲಿ ಕುಳಿತುಕೊಳ್ಳುತ್ತದೆ. ಸುಟ್ಟು ಪುಡಿಯಾದ ಮಿಶ್ರಿಯಾಗಿ ಹೆಣ್ಣುಮಕ್ಕಳ ಹಲ್ಲಿಗೆ ಹತ್ತುತ್ತದೆ. ಅಡಿಕೆಯೊಡನೆ ಮಾವಾ, ಗುಟ್ಕಾಗಳಾಗಿ ತರುಣರ ಜೇಬು ಸೇರುತ್ತದೆ. ಮಹಾರಾಷ್ಟ್ರವು 2012ರಲ್ಲಿ, ಕರ್ನಾಟಕವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದವು. ಆದರೆ ಅಡಿಕೆಯನ್ನೂ ತಂಬಾಕನ್ನೂ ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಕೂಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ನಿಪ್ಪಾಣಿಯಲ್ಲಿ ವಖಾರಿಯನ್ನು ಹೊಂದಿದ್ದ ಒಬ್ಬ ಶ್ರಾವಕರ ವೃತ್ತಾಂತವನ್ನು ಇಲ್ಲಿ ಹೇಳಬೇಕು. ನಿತ್ಯ ದೇವದರ್ಶನ, ಸೂರ್ಯಾಸ್ತದ ಮೊದಲು ಭೋಜನ, ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ, ಎಲ್ಲವೂ ತಪ್ಪದೆ ನಡೆಯುತ್ತಿತ್ತು. ಎಲೆಯ ಗುಣವನ್ನು ನಾಲಿಗೆಯ ಮೇಲಿಟ್ಟು ತಿಳಿಯುವುದು ಕಸುಬಿನ ರೂಢಿಯಾದ್ದರಿಂದ ಹದಿನೆಂಟನೆಯ ವಯಸ್ಸಿನಲ್ಲೇ ತಂಬಾಕು ಬಾಯಿಗೆ ಬಂದಿತ್ತು; ಮತ್ತೆ ಹೋಗಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಎಡಗೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದು ಕಾಣಿಸಿತು. ಕೆಲವು ತಿಂಗಳಲ್ಲಿ ಅದು ಹುಣ್ಣಾಯಿತು. ಹಲ್ಲು ತಾಗಿ ಆದದ್ದೆಂದು ತುಪ್ಪ ಸವರಿದರು. ಬಾಯಿ ಎರಡು ಬೆರಳಿನಷ್ಟೂ ತೆರೆಯದಾದಾಗ ದಂತವೈದ್ಯರ ಬಳಿಗೆ ಹೋದರು. ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರು. ಕತ್ತರಿ ತಾಗಿದರೆ ಗಡ್ಡೆ ಹರಡುತ್ತದೆಂಬ ಮಾತನ್ನು ಎಲ್ಲಿಯೋ ಕೇಳಿದ್ದ ಅವರು ಮತ್ತೆ ಆ ಕಡೆ ತಲೆಹಾಕಲಿಲ್ಲ. ಹೀಗೆ ಎಂಟು ತಿಂಗಳು ಕಳೆದವು.

ಸ್ತವನಿಧಿ ಕ್ಷೇತ್ರಕ್ಕೆ ಮುನಿಗಳೊಬ್ಬರು ಆಗಮಿಸಿದ್ದಾಗ ಶ್ರಾವಕರು ಹೋಗಿ ನಮೋಸ್ತು ಮಾಡಿ ತಮ್ಮ ಮನಸ್ಸನ್ನು ತೆರೆದರು.

‘ಮಹಾರಾಜ್, ಇದು ಅಸಾತಾವೇದನೀಯದ ಉದಯ. ಭೋಗಿಸಿ ತೀರಿಸುತ್ತೇನೆ. ಕ್ರಮವಾಗಿ ಆಹಾರ ಬಿಡುವ ವ್ರತವನ್ನು ದಯಪಾಲಿಸಬೇಕು.’

‘ರೋಗ ನಿಷ್ಪ್ರತೀಕಾರವೆಂದು ಹೇಳಿದವರು ಯಾರು?’ ಎಂದರು ಮುನಿಗಳು.

‘ಯಾರೂ ಹೇಳಿಲ್ಲ. ನನಗೇ ತಿಳಿಯುತ್ತದೆ.’

‘ತಂಬಾಕಿನ ಎಲೆ ನೋಡಿ ದರ ಹೇಳುವುದು ನಿಮಗೆ ತಿಳಿಯುತ್ತದೆ. ಗಡ್ಡೆಯನ್ನು ನೋಡಿ ಹೇಳುವವರು ಬೇರೆ ಇದ್ದಾರೆ. ಅವರನ್ನು ಕೇಳಿ ಬನ್ನಿ. ಸಮಂತಭದ್ರರಿಗೆ ಅವರ ಗುರುಗಳು ಏನು ಹೇಳಿದರೆಂಬುದು ನೆನಪಿರಲಿ.’

ಆ ಕಥೆ ಜೈನರಲ್ಲಿ ಪ್ರಸಿದ್ಧವಾದುದು. ಕನ್ನಡದಲ್ಲಿ ದೇವಚಂದ್ರನ ‘ರಾಜಾವಳೀ ಕಥೆ’ಯೂ ಅದನ್ನು ಹೇಳುತ್ತದೆ. ಮುನಿಯಾಗಿದ್ದ ಸಮಂತಭದ್ರರಿಗೆ ಭಸ್ಮಕವ್ಯಾಧಿ ತಗುಲಿತು. ತಿಂದುದೆಲ್ಲ ಬೂದಿಯಾಗಿ ಹಸಿವು ಇಂಗದ ರೋಗ. ಮುನಿಯ ಚರ್ಯೆಯಲ್ಲಿ ಅದಕ್ಕೆ ಪರಿಹಾರವಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಪ್ರಭಾವನೆ ಆಗಬೇಕಿದೆ, ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ಗುಣಪಡಿಸಿಕೊಂಡು ಮರಳಿ ದೀಕ್ಷೆ ಸ್ವೀಕರಿಸು ಎಂದರು. ಶಿಷ್ಯರು ಹಾಗೆಯೇ ಮಾಡಿದರು. ಸಲ್ಲೇಖನೆಗೆ ಲಕ್ಷಣ ಬರೆದ ಆಚಾರ್ಯರೇ ಒಮ್ಮೆ ಸಲ್ಲೇಖನೆಯನ್ನು ಬೇಡಿ ನಿರಾಕರಿಸಲ್ಪಟ್ಟವರು. ‘ನಿಷ್ಪ್ರತೀಕಾರ’ ಎಂಬ ಪದದ ಹಿಂದೆ ಆ ಅನುಭವದ ಭಾರವಿದೆಯೆಂದು ಭಾವಿಸಿದರೆ ತಪ್ಪಾಗದು.

ಶ್ರಾವಕರು ಪರೀಕ್ಷೆಗೆ ಒಪ್ಪಿದರು. ಗಡ್ಡೆ ಕ್ಯಾನ್ಸರಿನದೇ ಆಗಿತ್ತು. ನಾಲ್ಕು ಸೆಂಟಿಮೀಟರಿಗೆ ಸಮೀಪಿಸಿತ್ತು. ದವಡೆಯ ಎಲುಬನ್ನು ಮುಟ್ಟಿತ್ತು. ಶಸ್ತ್ರಚಿಕಿತ್ಸಕರು ಎಡಗೆನ್ನೆಯ ಒಳಪದರ, ಕೆಳದವಡೆಯ ಒಂದು ಭಾಗ ಮತ್ತು ಕುತ್ತಿಗೆಯ ಎಡಬದಿಯ ದುಗ್ಧಗ್ರಂಥಿಗಳನ್ನು ತೆಗೆದು, ಎದೆಯ ಸ್ನಾಯುವನ್ನು ಚರ್ಮಸಮೇತ ಮೇಲಕ್ಕೆ ತಿರುಗಿಸಿ ಬಾಯಿಯ ಗೋಡೆಯನ್ನು ಕಟ್ಟಿದರು. ಆಮೇಲೆ ಆರು ವಾರ ವಿಕಿರಣ ಚಿಕಿತ್ಸೆ ನಡೆಯಿತು. ಮೂಗಿನ ನಳಿಕೆಯಿಂದ ಆಹಾರ ಕೊಡುವ ದಿನಗಳಲ್ಲಿ ರಾತ್ರಿಭೋಜನ ತ್ಯಾಗದ ವ್ರತ ಮುರಿಯುವುದೆಂದು ಅವರು ಕಳವಳಗೊಂಡಾಗ, ದಾದಿಯರು ವೈದ್ಯರನ್ನು ಕೇಳಿ ಅಷ್ಟೂ ಆಹಾರವನ್ನು ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಹಂಚಿಕೊಟ್ಟರು. ಕೇಳಿದರೆ ಆಗುವ ಕೆಲಸ ಅದು. ಶಸ್ತ್ರಚಿಕಿತ್ಸೆಯಾಗಿ ಆರು ವರ್ಷಗಳು ಕಳೆದಿವೆ; ಅವರು ಬದುಕಿದ್ದಾರೆ. ಮುಖ ಒಂದು ಕಡೆ ಒಳಸೇರಿದೆ, ಮಾತು ತೊದಲುತ್ತದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಬೇಕು. ಮಚ್ಚೆ ಬಿಳಿಯದಾಗಿದ್ದ ದಿನವೇ ತೋರಿಸಿದ್ದರೆ ಇದರಲ್ಲಿ ಬಹುಪಾಲು ಬೇಕಾಗುತ್ತಿರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ವೃತ್ತಾಂತ ಇಲ್ಲಿಗೆ ಮುಗಿದಿದ್ದರೆ ಒಂದು ಸಮಾಧಾನವಿತ್ತು. ಅದೇ ವಖಾರಿಯಲ್ಲಿ ಇಪ್ಪತ್ತು ವರ್ಷ ತಂಬಾಕು ಜರಡಿ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಅದೇ ಚಳಿಗಾಲದಲ್ಲಿ ಕೆಳತುಟಿ ಮತ್ತು ವಸಡಿನ ನಡುವೆ ಹುಣ್ಣಾಗಿತ್ತು. ಬೆಳಗ್ಗೆ ಮಿಶ್ರಿ ಹಚ್ಚದೆ ಆಕೆಗೆ ಕೆಲಸಕ್ಕೆ ಕೈ ಬರುತ್ತಿರಲಿಲ್ಲ. ಒಂದು ದಿನ ದವಾಖಾನೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಆಕೆಯನ್ನು ‘ಯಾರು ಹೇಳಿದರು’ ಎಂದು ಕೇಳುವವರಿರಲಿಲ್ಲ. ಕುತ್ತಿಗೆಯ ಗಂಟುಗಳು ಒಳಗಿನ ರಕ್ತನಾಳಕ್ಕೆ ಅಂಟಿಕೊಂಡ ಮೇಲೆ ಆಕೆಯನ್ನು ವೈದ್ಯರ ಬಳಿ ಒಯ್ದರು. ಶಸ್ತ್ರದಿಂದ ಪ್ರಯೋಜನವಿಲ್ಲ, ನೋವು ಕಡಿಮೆ ಮಾಡಬಹುದು ಎಂದರು. ಮುಂದಿನ ತಂಬಾಕು ವಖಾರಿಗೆ ಬರುವ ಮೊದಲೇ ಆಕೆ ತೀರಿಕೊಂಡಳು. ಯಜಮಾನರಿಗೆ ಈ ಸುದ್ದಿ ತಿಳಿದದ್ದು, ತಾಯಿಯ ಜಾಗದಲ್ಲಿ ಕೆಲಸ ಕೇಳಿಕೊಂಡು ಮಗಳು ಬಂದು ನಿಂತಾಗ.

ಆಕೆಯ ರೋಗ ಕೊನೆಯಲ್ಲಿ ನಿಷ್ಪ್ರತೀಕಾರವೇ ಆಗಿತ್ತು. ಆದರೆ ಹುಟ್ಟುವಾಗ ಆಗಿರಲಿಲ್ಲ. ಹಾಗಾಗುವವರೆಗೆ ಬಿಡಲಾಯಿತು. ಈ ಎರಡರ ನಡುವಿನ ಅಂತರವನ್ನು ಶಾಸ್ತ್ರ ಓದಿದವರು ಮೊದಲು ಗ್ರಹಿಸಬೇಕು.

ಬಾಯಿಯ ಕ್ಯಾನ್ಸರಿನ ಸ್ವಭಾವವೇ ಈ ಅಂತರವನ್ನು ಸೃಷ್ಟಿಸುತ್ತದೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ, ಗಂಟುಗಳಿಗೆ ಹರಡದ ಗಡ್ಡೆಗೆ ಅನೇಕ ವೇಳೆ ಶಸ್ತ್ರಚಿಕಿತ್ಸೆಯೊಂದೇ ಸಾಕು. ಮುಂದೆ ಅದು ದುಗ್ಧನಾಳಗಳ ಮೂಲಕ ಕುತ್ತಿಗೆಗೆ ಇಳಿಯುತ್ತದೆ. ಈ ದಾರಿಯನ್ನು ಗುರುತಿಸಿ, ಬಾಯಿಯ ಗಡ್ಡೆಯೊಡನೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುವ ಕ್ರಮವನ್ನು ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ 132 ಶಸ್ತ್ರಚಿಕಿತ್ಸೆಗಳ ಆಧಾರದಿಂದ ಪ್ರಕಟಿಸಿದರು. ಆದರೆ ಗಂಟುಗಳು ಕೈಗೆ ಸಿಗದಿರುವಾಗಲೂ ಕುತ್ತಿಗೆಯನ್ನು ಶೋಧಿಸಬೇಕೋ, ಸಿಕ್ಕ ಮೇಲೆ ಶೋಧಿಸಿದರೆ ಸಾಕೋ ಎಂಬ ಚರ್ಚೆ ಬಹುಕಾಲ ಮುಗಿಯಲಿಲ್ಲ. ಅದಕ್ಕೆ ದೃಢವಾದ ಉತ್ತರ ಬಂದದ್ದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಿಂದ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೊದಲೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಶೇಕಡಾ 80 ಮಂದಿ ಬದುಕಿದ್ದರು; ಕಾದು ನೋಡಿದವರಲ್ಲಿ ಶೇಕಡಾ 67.5. ಲೆಕ್ಕ ಹಾಕಿದರೆ ಎಂಟು ಮಂದಿಗೆ ಒಂದು ಜೀವ ಉಳಿದಂತಾಯಿತು. ಕಾಣದ ಶತ್ರುವಿಗೆ ಕಾಯಬಾರದೆಂಬ ವಿವೇಕಕ್ಕೆ ಅಂಕಿಗಳ ಆಧಾರ ದೊರೆಯಿತು.

ಪತ್ತೆ ಹಚ್ಚುವ ವಿಷಯದಲ್ಲಿಯೂ ದೂರ ಹೋಗಬೇಕಾಗಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಡಾ. ಆರ್. ಶಂಕರನಾರಾಯಣನ್ ಮೊದಲಾದವರು ನಡೆಸಿದ ಅಧ್ಯಯನದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿಯನ್ನು ನೋಡಿದರು. ಬೇರೆ ಯಂತ್ರವಿರಲಿಲ್ಲ. 2005ರಲ್ಲಿ ಹೊರಬಂದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ತಗ್ಗಿತ್ತು. ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ತೆರೆಯಲಾಗದ ಬಾಯಿ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯ ಗಂಟು, ಇಳಿಯದ ಗಂಟಲ ಬಿರುಸು: ಇಷ್ಟನ್ನು ಗುರುತಿಸುವುದಕ್ಕೆ ಕಣ್ಣು ಮತ್ತು ದೀಪ ಸಾಕು. ಅಂಚಿನಿಂದ ಚೂರು ತೆಗೆದರೆ ಬಾಯಿಯ ಕ್ಯಾನ್ಸರು ಹರಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಆ ಚೂರಿಲ್ಲದೆ ಚಿಕಿತ್ಸೆ ಆರಂಭವೇ ಆಗದು.

ಹಾಗೆಂದು ಕುತ್ತಿಗೆಯ ಎಲ್ಲ ಗಡ್ಡೆಗಳಿಗೂ ಒಂದೇ ಅವಸರ ಸಲ್ಲದು. ಅನೇಕಾಂತವನ್ನು ಅರಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಥೈರಾಯ್ಡ್ ಗ್ರಂಥಿಯಲ್ಲಿ ಏಳುವ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ. ದಕ್ಷಿಣ ಕೊರಿಯದಲ್ಲಿ ಧ್ವನಿತರಂಗದ ಪರೀಕ್ಷೆಯನ್ನು ಎಲ್ಲರಿಗೂ ಮಾಡತೊಡಗಿದಾಗ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರಿನ ಪತ್ತೆ 15 ಪಟ್ಟು ಏರಿತು. ಅದರಿಂದಾಗುವ ಸಾವುಗಳ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಎಂದರೆ ಎಷ್ಟೋ ಜನರು ತಮಗೆಂದೂ ಕೇಡು ಮಾಡದ ಗಂಟಿಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಾಯಿಯಲ್ಲಿ ತಡ ಮಾಡುವುದು ಹಿಂಸೆಯಾದರೆ, ಇಲ್ಲಿ ಅನಗತ್ಯ ಅವಸರವೂ ಹಿಂಸೆಯಾದೀತು. ಎರಡು ಕಡೆಗೂ ಬೇಕಾದುದು ‘ಯಾರು ಹೇಳಿದರು, ಯಾವ ಆಧಾರದಿಂದ’ ಎಂಬ ಅದೇ ಪ್ರಶ್ನೆ.

ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡ ಶಸ್ತ್ರಚಿಕಿತ್ಸಕನೊಬ್ಬನ ಚರಿತ್ರೆ ಶ್ರಾವಕರಿಗೆ ಮನನಯೋಗ್ಯವಾಗಿದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಖರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಜಗತ್ತಿಗೆ ಗುರುವಾದವರು. ಅವರ ಆರಂಭದ ದಿನಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ರೋಗಿಗಳು ಸಾಯುತ್ತಿದ್ದರು. ಅವರ ಕೊನೆಗಾಲದಲ್ಲಿ ಆ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಆದರೆ 1874ರಲ್ಲಿ ಪೂರ್ಣ ಗ್ರಂಥಿಯನ್ನು ತೆಗೆಸಿಕೊಂಡ ಬಾಲಕಿಯೊಬ್ಬಳು ಕ್ರಮೇಣ ಬೆಳವಣಿಗೆ ಕುಂಠಿತಳಾಗಿ ಮಂದಬುದ್ಧಿಯಾದಳೆಂಬ ಸುದ್ದಿ ಅವರಿಗೆ ತಲುಪಿತು. ಗಾಯ ಮಾಯ್ದು ಮನೆಗೆ ಹೋದವಳ ಲೆಕ್ಕ ಮುಗಿಯಿತೆಂದು ಅವರು ಸುಮ್ಮನಿರಬಹುದಿತ್ತು. ಹಾಗೆ ಮಾಡದೆ ಹಳೆಯ ರೋಗಿಗಳನ್ನೆಲ್ಲ ಮರಳಿ ಕರೆಸಿದರು. ಪೂರ್ಣ ಗ್ರಂಥಿಯನ್ನು ತೆಗೆಸಿಕೊಂಡವರಲ್ಲಿ ಪರೀಕ್ಷೆಗೆ ಸಿಕ್ಕ 18 ಮಂದಿಯಲ್ಲಿ 16 ಮಂದಿಗೆ ಅದೇ ದುರ್ಗತಿ ಕಂಡಿತು. 1883ರಲ್ಲಿ ಅವರು ಇದನ್ನು ವೈದ್ಯಸಭೆಯ ಮುಂದೆ ಹೇಳಿ, ನಿರಪಾಯಕಾರಿ ಗಡ್ಡೆಗಳಿಗೆ ಪೂರ್ಣ ಗ್ರಂಥಿಯನ್ನು ತೆಗೆಯುವುದನ್ನು ಕೈಬಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಜೈನರು ಇದನ್ನು ಆಲೋಚನೆ, ಪ್ರತಿಕ್ರಮಣ ಎಂದು ಕರೆಯುತ್ತಾರೆ. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ, ಮಾರಿದ ಮಾಲಿನ ಖಾತೆಯನ್ನು ಹಣ ಬಂದ ಮೇಲೂ ತೆರೆದಿಟ್ಟುಕೊಂಡ ಪ್ರಾಮಾಣಿಕತೆ ಅದು.

ಕೋಖರರ ಆ ತಪ್ಪೊಪ್ಪಿಗೆಯಿಂದಲೇ ಗ್ರಂಥಿಯ ಕಾರ್ಯ ಜಗತ್ತಿಗೆ ತಿಳಿಯತೊಡಗಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೇ ಕುರಿಯ ಥೈರಾಯ್ಡಿನ ಸಾರದಿಂದ ಒಬ್ಬ ಮಹಿಳೆಗೆ ಚಿಕಿತ್ಸೆ ಮಾಡಿದರು. ಆಕೆ ಮುಂದೆ ಬದುಕಿದ 28 ವರ್ಷಗಳಲ್ಲಿ ನೂರಾರು ಕುರಿಗಳ ಗ್ರಂಥಿಗಳು ಅದಕ್ಕೆ ವ್ಯಯವಾದವು. ಅಹಿಂಸಾವ್ರತಿಗೆ ಅದು ಕಠಿಣವಾದ ಧರ್ಮಸಂಕಟ. 1927ರಲ್ಲಿ ಆ ರಸವನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸುವ ಮಾರ್ಗ ದೊರೆಯಿತು. ಇಂದು ಔಷಧದಂಗಡಿಯಲ್ಲಿ ಸಿಗುವ ಲೆವೊಥೈರಾಕ್ಸಿನ್ ಕೃತಕವಾದುದೇ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದೆಯೂ ವೈದ್ಯ ಸಾಧ್ಯವೆಂದು ವಾದಿಸಿದರು. ಆ ಆಶಯ ಈ ಒಂದು ಮಾತ್ರೆಯಲ್ಲಿ ಹತ್ತು ಶತಮಾನಗಳ ತರುವಾಯ ಬೇರೊಂದು ದಾರಿಯಿಂದ ಕೈಗೂಡಿತು.

ಉಪವಾಸದ ವಿಷಯವನ್ನೂ ಇಲ್ಲಿಯೇ ಹೇಳುವುದುಚಿತ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯುವುದಕ್ಕೆ ಸುಮಾರು ಒಂದು ವಾರ ಬೇಕು. ಆದ್ದರಿಂದ ಚತುರ್ದಶಿಯ ಒಂದು ನಿರ್ಜಲ ಉಪವಾಸದಲ್ಲಿ ಮಾತ್ರೆ ತಪ್ಪಿದರೆ ಗಾಬರಿಯಾಗಬೇಕಾಗಿಲ್ಲ. ಆದರೆ ದಶಲಕ್ಷಣ ಪರ್ವದ ಹತ್ತು ದಿನವೂ ಬಿಡುವುದು ಸರಿಯಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕುಂದಿ ಕ್ಯಾಲ್ಸಿಯಂ ಸೇವಿಸುತ್ತಿರುವವರ ಸ್ಥಿತಿ ಬೇರೆ. ಅವರಿಗೆ ಒಂದೆರಡು ದಿನದ ಲೋಪದಿಂದಲೂ ಕೈಕಾಲು ಸೆಡೆತುಕೊಳ್ಳಬಹುದು. ವ್ರತ ಸ್ವೀಕರಿಸುವ ಮೊದಲು ಗುರುಗಳಿಗೂ ವೈದ್ಯರಿಗೂ ಎರಡೂ ಸಂಗತಿಗಳನ್ನು ತಿಳಿಸಬೇಕು. ಶಕ್ತಿಯನ್ನು ಮೀರದೆ ತಪಸ್ಸು ಮಾಡೆಂದು ಹೇಳುವುದಕ್ಕಾಗಿಯೇ ಷೋಡಶಭಾವನೆಗಳಲ್ಲಿ ಒಂದಕ್ಕೆ ‘ಶಕ್ತಿತಸ್ತಪ’ ಎಂಬ ಹೆಸರಿದೆ.

ಶಸ್ತ್ರಚಿಕಿತ್ಸೆಯ ಫಲವನ್ನು ಬದುಕುಳಿದ ವರ್ಷಗಳಿಂದ ಮಾತ್ರ ಅಳೆಯಲಾಗದು. ಮೇಲೆ ಹೇಳಿದ ಶ್ರಾವಕರು ಮನೆಗೆ ಮರಳಿದ ಮೇಲೆ ಒಂದು ವರ್ಷ ಬಸದಿಗೆ ಹೋಗಲಿಲ್ಲ. ಗಂಧೋದಕ ಸ್ವೀಕರಿಸುವಾಗ ಬಾಯಿಯ ಮೂಲೆಯಿಂದ ಜೊಲ್ಲು ಸುರಿಯುತ್ತಿತ್ತು. ಒಮ್ಮೆ ಪಕ್ಕದಲ್ಲಿದ್ದವರು ಸರಿದು ನಿಂತದ್ದನ್ನು ಅವರು ಕಂಡಿದ್ದರು. ಸಮಾಜದ ಊಟದ ಪಂಕ್ತಿಯಲ್ಲಿ ಅವರ ಎದುರಿನ ಸ್ಥಾನ ಖಾಲಿ ಉಳಿಯುತ್ತಿತ್ತು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ಸ್ವಭಾವದಿಂದಲೇ ಅಶುಚಿಯಾದ ದೇಹವನ್ನು ಕಂಡು ಹೇಸದೆ ಗುಣವನ್ನು ನೋಡುವುದು ಅದರ ತಾತ್ಪರ್ಯ. ರೋಗಿಯಾದ ಮುನಿ ಮೈಮೇಲೆ ವಾಂತಿ ಮಾಡಿದರೂ ಮುಖ ಸಿಂಡರಿಸದೆ ಸೇವೆ ಮಾಡಿದ ಉದ್ದಾಯನ ರಾಜನ ಕಥೆಯನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆ ಅಂಗವನ್ನು ಕಂಠಪಾಠ ಮಾಡಿದವರೇ ಸರಿದು ನಿಂತವರು. ಹತ್ತಿರದ ಒಬ್ಬ ವೃದ್ಧೆ ಅಭಿಷೇಕದ ದಿನ ಅವರ ಪಕ್ಕದಲ್ಲಿ ಕುಳಿತು, ತನ್ನ ಸೆರಗಿನ ತುದಿಯಿಂದ ಅವರ ಗಲ್ಲವನ್ನು ಒರೆಸಿ, ‘ಬಾರಪ್ಪಾ, ಆರತಿಗೆ ಹೊತ್ತಾತು’ ಎಂದಳು. ಅಂದಿನಿಂದ ಅವರು ಮತ್ತೆ ಬರತೊಡಗಿದರು. ಶಸ್ತ್ರಚಿಕಿತ್ಸಕರು ಕೊಟ್ಟ ಆಯುಷ್ಯವನ್ನು ಬದುಕಾಗಿಸಿದವಳು ಆಕೆ.

ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರ ವಿಷಯವೂ ಹೀಗೆಯೇ. ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಮತ್ತು ಅವರ ಮಿತ್ರರು ಸಹಸ್ರಾರು ರೂಪಾಯಿಯ ವಿದೇಶೀ ಸಾಧನದ ಬದಲು ಸುಮಾರು 50 ರೂಪಾಯಿಗೆ ದೊರೆಯುವ ‘ಓಂ’ ಎಂಬ ಧ್ವನಿಸಾಧನವನ್ನು ರೂಪಿಸಿದರು. ಗಂಟಲಿಗೆ ಧ್ವನಿಯನ್ನು ಮರಳಿ ಕೊಡುವುದು ಅಭಯದಾನವಲ್ಲದೆ ಮತ್ತೇನು?

ಇನ್ನು ವ್ಯಾಪಾರದ ಪ್ರಶ್ನೆ. ಸಮಂತಭದ್ರರ ಕಾಲದಲ್ಲಿ ಈ ದೇಶದಲ್ಲಿ ತಂಬಾಕು ಇರಲಿಲ್ಲ. ಪೋರ್ತುಗೀಜರು ಬಂದ ಮೇಲೆ ಅದು ಬಂದಿತು. ಆದ್ದರಿಂದ ಯಾವ ಪ್ರಾಚೀನ ಗ್ರಂಥವೂ ಅದನ್ನು ಹೆಸರಿಸುವುದಿಲ್ಲ. ಆದರೆ ಹದಿನೈದು ಖರಕರ್ಮಗಳ ಎಣಿಕೆಯಲ್ಲಿ ವಿಷವಾಣಿಜ್ಯವಿದೆ; ಐದು ಅನರ್ಥದಂಡಗಳಲ್ಲಿ ಹಿಂಸಾದಾನವಿದೆ. ‘ತಿನ್ನಿರೆಂದು ಯಾರಿಗೂ ಹೇಳುವುದಿಲ್ಲ, ಕೊಳ್ಳುವವರಿಗೆ ಕೊಡುತ್ತೇವೆ’ ಎಂಬ ಉತ್ತರ ವಖಾರಿಗಳಲ್ಲಿ ಕೇಳಿಬರುತ್ತದೆ. ಆಸ್ರವವು ಕೃತ, ಕಾರಿತ, ಅನುಮತಗಳೆಂಬ ಮೂರು ಬಾಗಿಲುಗಳಿಂದ ಬರುವುದೆಂದು ತತ್ತ್ವಾರ್ಥಸೂತ್ರವನ್ನು ಓದಿದವರು ಈ ಉತ್ತರದಿಂದ ತೃಪ್ತರಾಗಲಾರರು. ಅತ್ತ ರೈತನ ಸಾಲ, ಕೂಲಿಯವಳ ಒಲೆ ಇವೂ ಸುಳ್ಳಲ್ಲ. ವಖಾರಿಯನ್ನು ಒಂದು ದಿನ ಬೀಗ ಹಾಕಿದರೆ ಮೊದಲು ಹಸಿಯುವವಳು ಜರಡಿ ಹಿಡಿಯುವವಳೇ. ಆ ಶ್ರಾವಕರು ಕಸುಬನ್ನು ಪೂರ್ಣ ಬಿಟ್ಟಿಲ್ಲ. ಅರ್ಧ ವಖಾರಿಯನ್ನು ಬೆಲ್ಲದ ದಾಸ್ತಾನಿಗೆ ತಿರುಗಿಸಿದ್ದಾರೆ. ಉಳಿದರ್ಧದಲ್ಲಿ ದುಡಿಯುವವರೆಲ್ಲರ ಬಾಯಿಯನ್ನು ವರ್ಷಕ್ಕೆರಡು ಸಲ ವೈದ್ಯರಿಂದ ನೋಡಿಸುತ್ತಾರೆ. ಆ ದಿನದ ಕೂಲಿಯನ್ನು ಕಡಿಯುವುದಿಲ್ಲ. ತೀರಿಕೊಂಡವಳ ಮಗಳನ್ನು ತಂಬಾಕಿನ ಕಡೆಗೆ ಹಾಕದೆ ಬೆಲ್ಲದ ಲೆಕ್ಕಕ್ಕೆ ಕೂರಿಸಿದ್ದಾರೆ. ಇದು ಸಾಲದೆಂಬುದು ಅವರಿಗೂ ಗೊತ್ತು. ಲೆಕ್ಕದಲ್ಲಿ ಬಾಕಿ ಇದೆಯೆಂದು ಒಪ್ಪಿಕೊಂಡವನು ತೀರಿಸುವ ದಾರಿಯಲ್ಲಿದ್ದಾನೆ; ಖಾತೆಯನ್ನೇ ಮುಚ್ಚಿಟ್ಟವನು ಅಲ್ಲ.

2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮಾನವೆಂದು ಹೇಳಿದಾಗ ಸಮಾಜವು ದೇಶದುದ್ದಕ್ಕೂ ಬೀದಿಗಿಳಿಯಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಅಂದು ವಿದ್ವಾಂಸರು ಸಲ್ಲೇಖನೆಯ ಪರವಾಗಿ ಎತ್ತಿ ತೋರಿಸಿದ್ದು ‘ನಿಷ್ಪ್ರತೀಕಾರ’ ಎಂಬ ಈ ಕಟ್ಟಳೆಯನ್ನೇ. ಹೊರಗಿನವರ ಮುಂದೆ ಹಿಡಿದ ಗುರಾಣಿಯನ್ನು ಮನೆಯೊಳಗೆ ಮೂಲೆಗಿಡುವುದು ಶೋಭಿಸದು. ನಿಜವಾಗಿಯೂ ಉಪಾಯ ಮುಗಿದ ರೋಗಿಗೆ ನೋವುಶಮನ, ವೈಯಾವೃತ್ಯ, ಧರ್ಮಶ್ರವಣಗಳೊಡನೆ ಶಾಂತವಾದ ಅಂತ್ಯ ದೊರೆಯಬೇಕು. ಆದರೆ ಉಪಾಯ ಮುಗಿಯಿತೆಂದು ಹೇಳುವ ಮೊದಲು ಉಪಾಯವನ್ನು ಹುಡುಕಿರಬೇಕು.

ಹುಡುಕುವುದು ಇಂದು ಅಸಾಧ್ಯವಲ್ಲ. ಕಾಗವಾಡ, ಅಥಣಿಯವರಿಗೆ ಮಿರಜ್ ಸಮೀಪ. ಅಲ್ಲಿ 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಆರಂಭಿಸಿದ ಕಾಲದಿಂದ ಗಡಿಯ ಈಚೆಯ ರೋಗಿಗಳೂ ಹೋಗಿಬರುತ್ತಾರೆ. ರಾಯಬಾಗದವರು ರೈಲು ಹತ್ತಿದರೆ ಒಂದು ಕಡೆ ಮಿರಜ್, ಇನ್ನೊಂದು ಕಡೆ ಬೆಳಗಾವಿ. ನಿಪ್ಪಾಣಿ, ಚಿಕ್ಕೋಡಿಯವರಿಗೆ ಕೊಲ್ಲಾಪುರವೂ ಬೆಳಗಾವಿಯೂ ಇವೆ. ದೂರದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇಲ್ಲದಿರುವುದು ಜೊತೆಗೆ ಹೋಗುವವರು, ಕಾಗದ ತುಂಬಿಸುವವರು, ಆ ದಿನದ ಕೂಲಿ ಭರಿಸುವವರು. ಔಷಧದಾನವೆಂದರೆ ಮಾತ್ರೆ ಹಂಚುವುದಷ್ಟೇ ಅಲ್ಲ. ರೋಗಿಯನ್ನು ಸಕಾಲದಲ್ಲಿ ವೈದ್ಯನ ಮುಂದೆ ಕೂರಿಸುವುದೂ ಔಷಧದಾನವೇ.

ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದ್ದು ಇದೇ ಸ್ತವನಿಧಿಯಲ್ಲಿ; ಅಂದು ಅದು ಸಮಾಜದ ಶಿಕ್ಷಣದ ಭಾರವನ್ನು ಹೊತ್ತಿತು. ಪ್ರತಿ ಊರಿನ ಬಸದಿಯಲ್ಲಿ ಚಾತುರ್ಮಾಸ್ಯದ ಆರಂಭದಲ್ಲಿ ಒಂದು ದಿನ ಶ್ರಾವಕ ಶ್ರಾವಿಕೆಯರೂ ಅವರ ಹೊಲ, ಅಂಗಡಿ, ವಖಾರಿಗಳಲ್ಲಿ ದುಡಿಯುವವರೂ ಕುಳಿತು ಬಾಯಿ ತೋರಿಸಿಕೊಳ್ಳುವ ಪದ್ಧತಿ ಹಾಕಿದರೆ ಅದಕ್ಕೆ ದೊಡ್ಡ ನಿಧಿ ಬೇಕಾಗದು. ತಂಬಾಕಿನ ತ್ಯಾಗವನ್ನು ಒಮ್ಮೆಲೇ ಆಜೀವನ ಯಮವಾಗಿ ಹೊರಲಾರದವರು ನಾಲ್ಕು ತಿಂಗಳ ನಿಯಮವಾಗಿ ಹಿಡಿಯಬಹುದು. ಸಮಂತಭದ್ರರೇ ಈ ಎರಡು ಬಗೆಯನ್ನೂ ಗೃಹಸ್ಥನ ಅನುಕೂಲಕ್ಕಾಗಿ ಹೇಳಿದ್ದಾರೆ. ಈ ವರ್ಷದ ಆಷಾಢ ಚತುರ್ದಶಿ ದೂರವಿಲ್ಲ.